ಪತ್ರಿಕೆಯೊಂದಿಗೆ ಬಂದ ತಂತ್ರಾಂಶ: ‘ಉಚಿತ’ ಎಂಬ ಪದದ ಲೆಕ್ಕ

ಮಲಪನಗುಡಿಯ ಇಬ್ಬರು ಸಹೋದರರು ಕಳೆದ ವರ್ಷ ನನ್ನ ಕಚೇರಿಗೆ ಬಂದು, ದಿವಂಗತರಾದ ತಮ್ಮ ತಂದೆಯವರ ಬೆಲ್ಲದ ವ್ಯಾಪಾರದ ಹಿಸ್ಸೆಗೆ ಸಂಬಂಧಿಸಿದಂತೆ 2004ರ ಮಾರ್ಚ್ 31ರಂದು ಇದ್ದ ಬಂಡವಾಳ ಖಾತೆಯ ಶಿಲ್ಕು ಎಷ್ಟೆಂಬುದನ್ನು ತೋರಿಸುವ ದಾಖಲೆ ಬೇಕೆಂದು ಕೇಳಿದರು. ಇಪ್ಪತ್ತು ವರ್ಷಗಳ ಹಿಂದಿನ ಲೆಕ್ಕ. ಕಾಯ್ದೆಯ ಪ್ರಕಾರ ಅದನ್ನು ಇಟ್ಟುಕೊಳ್ಳಬೇಕಾದ ಅವಧಿ ಎಂದೋ ಮುಗಿದಿತ್ತು. ಆದರೂ ಆ ಹೆಸರು ಕೇಳಿದೊಡನೆ ನನಗೆ ಆ ಲೆಕ್ಕ ನೆನಪಾಯಿತು. ಹಳೆಯ ಕಪಾಟನ್ನು ತೆರೆಸಿ ನೋಡಲಾಗಿ ಸುಮಾರು ನಲವತ್ತು ಸಿ.ಡಿ.ಗಳೂ ಒಂದು ಡಬ್ಬಿ ಫ್ಲಾಪಿಗಳೂ ದೊರೆತವು. ಒಂದು ಸಿ.ಡಿ.ಯ ಪ್ಲಾಸ್ಟಿಕ್ ಚೀಲದ ಮೇಲೆ ನನ್ನದೇ ಕೈಬರಹದಲ್ಲಿ ‘ಮಲಪನಗುಡಿ – ಬೆಲ್ಲ’ ಎಂದಿತ್ತು.

ಅದು ಗಣಕಯಂತ್ರ ಮಾಸಪತ್ರಿಕೆಯೊಂದರ ಜೊತೆಯಲ್ಲಿ ಬಂದ ಸಿ.ಡಿ. ಇಂದಿನ ಯುವ ವರ್ತಕರಿಗೆ ಈ ಪದ್ಧತಿಯ ಪರಿಚಯವಿರಲಾರದು. ಆದ್ದರಿಂದ ಮೊದಲು ಅದರ ಪೂರ್ವಚರಿತ್ರೆಯನ್ನು ಸ್ವಲ್ಪ ಹೇಳಬೇಕಾಗಿದೆ. ಅದರಲ್ಲಿ ಲೆಕ್ಕಪತ್ರ ಶಾಸ್ತ್ರಕ್ಕೆ ಬಹು ಹತ್ತಿರವಾದ ಸಂಗತಿಯೊಂದಿದೆ.

1982ರಲ್ಲಿ ಅಮೆರಿಕದಲ್ಲಿ ಕಮೊಡೋರ್ 64 ಎಂಬ ಗೃಹಬಳಕೆಯ ಗಣಕಯಂತ್ರ ಮಾರುಕಟ್ಟೆಗೆ ಬಂದಿತು. ಕಮೊಡೋರ್ ಯಂತ್ರಗಳನ್ನು ಕೊಂಡವರಿಗೆಂದೇ 1983ರ ಜುಲೈಯಿಂದ ‘ಕಂಪ್ಯೂಟ್ಸ್ ಗೆಜೆಟ್’ ಎಂಬ ಮಾಸಪತ್ರಿಕೆ ಪ್ರಕಟವಾಗತೊಡಗಿತು. ಆಗ ತಂತ್ರಾಂಶವೆಂದರೆ ಪತ್ರಿಕೆಯಲ್ಲಿ ಅಚ್ಚಾದ ಸಾಲುಗಳೇ. ಓದುಗನು ಅವನ್ನು ನೋಡಿಕೊಂಡು ಒಂದೊಂದಾಗಿ ಕೀಲಿಮಣೆಯ ಮೇಲೆ ಬೆರಳಚ್ಚು ಮಾಡಬೇಕು. ಆಟಗಳು, ಮನೆಯ ಆಯವ್ಯಯದ ಲೆಕ್ಕ, ಡಿಸ್ಕ್‌ನ ಕಡತಗಳನ್ನು ಜೋಡಿಸುವ ಉಪಕರಣ ಇತ್ಯಾದಿಗಳು ಹೀಗೆಯೇ ಮನೆಗಳನ್ನು ತಲುಪಿದವು. 1984ರ ಜನವರಿ ಸಂಚಿಕೆಯಲ್ಲಿ ಬಂದ ‘ಸ್ಪೀಡ್‌ಸ್ಕ್ರಿಪ್ಟ್’ ಎಂಬ ಪದಸಂಸ್ಕರಣೆಯ ತಂತ್ರಾಂಶವು ಕೆಲವೇ ಕಿಲೋಬೈಟ್‌ಗಳಷ್ಟಿದ್ದರೂ, ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಿಗೆ ಸರಿಸಮನಾಗಿತ್ತೆಂದು ಹೆಸರು ಪಡೆಯಿತು. ಬೆರಳಚ್ಚಿನ ಶ್ರಮ ಬೇಡವೆನ್ನುವವರಿಗೆ, ಆ ತಿಂಗಳ ಎಲ್ಲ ತಂತ್ರಾಂಶಗಳನ್ನು ತುಂಬಿದ ಡಿಸ್ಕ್ ಬೇರೆ ಚಂದಾಕ್ಕೆ ದೊರೆಯುತ್ತಿತ್ತು. ಐದೂಕಾಲು ಅಂಗುಲದ ಆ ಡಿಸ್ಕ್‌ನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 170 ಕಿಲೋಬೈಟ್ ಮಾತ್ರ. ಇಂದು ನಾವು ಮೊಬೈಲಿನಲ್ಲಿ ಕಳುಹಿಸುವ ಒಂದು ಇನ್‌ವಾಯ್ಸ್‌ನ ಛಾಯಾಚಿತ್ರಕ್ಕೂ ಅಷ್ಟು ಜಾಗ ಸಾಲದು.

ಬೆರಳಚ್ಚು ಮಾಡುವವರಿಗೆ ತಪ್ಪುಗಳದ್ದೇ ತೊಂದರೆ. ಅದಕ್ಕೆ ಪರಿಹಾರವಾಗಿ ಅದೇ ಪತ್ರಿಕೆ 1983ರ ಅಕ್ಟೋಬರಿನಲ್ಲಿ ‘ಆಟೊಮ್ಯಾಟಿಕ್ ಪ್ರೂಫ್‌ರೀಡರ್’ ಎಂಬ ಪುಟ್ಟ ತಂತ್ರಾಂಶವನ್ನು ನೀಡಿತು. ಪ್ರತಿ ಸಾಲಿನ ಅಕ್ಷರಗಳ ಸಂಕೇತ ಸಂಖ್ಯೆಗಳನ್ನು ಕೂಡಿ ಬಂದ ಒಂದು ಅಂಕಿಯನ್ನು ಅದು ಪರದೆಯ ಮೇಲೆ ತೋರಿಸುತ್ತಿತ್ತು. ಪತ್ರಿಕೆಯಲ್ಲಿ ಆ ಸಾಲಿನ ಮುಂದೆ ಅಚ್ಚಾದ ಅಂಕಿಯೊಡನೆ ಅದನ್ನು ತಾಳೆ ನೋಡಿದರಾಯಿತು. ನಮ್ಮ ಗುಮಾಸ್ತರು ಕಿರ್ದಿಯ ಪುಟದ ಕೆಳಗೆ ಮೊತ್ತ ಹಾಕಿ ತಾಳೆ ನೋಡುವ ಕ್ರಮವೇ ಇದು. ಆದರೆ ಅದರಲ್ಲಿ ಒಂದು ದೋಷವಿತ್ತು. ಎರಡು ಅಕ್ಷರಗಳು ಹಿಂದುಮುಂದಾದರೆ ಕೂಡಿದ ಮೊತ್ತ ಬದಲಾಗುವುದಿಲ್ಲ, ತಪ್ಪು ಸಿಕ್ಕಿಬೀಳುವುದಿಲ್ಲ. ಲೆಕ್ಕದಲ್ಲಾದರೋ 5,430ರ ಬದಲು 5,340 ಎಂದು ಬರೆದರೆ 90ರ ವ್ಯತ್ಯಾಸ ಬರುತ್ತದೆ, ಅದು 9ರಿಂದ ಭಾಗವಾಗುವುದನ್ನು ಕಂಡು ಅನುಭವಿ ಲೆಕ್ಕಿಗನು ‘ಅಂಕಿ ಅದಲುಬದಲಾಗಿದೆ’ ಎಂದು ಹೇಳಬಲ್ಲನು. ಇಲ್ಲಿ ಆ ಸುಳಿವೂ ಇಲ್ಲ. 1986ರಲ್ಲಿ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಅಕ್ಷರ ಯಾವುದೆಂಬುದರ ಜೊತೆಗೆ ಅದು ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಈ ದೋಷ ನಿವಾರಣೆಯಾಯಿತು. ಮೊತ್ತ ಸರಿಯಿದ್ದರೂ ಕ್ರಮ ತಪ್ಪಿರಬಹುದು ಎಂಬ ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮಲಪನಗುಡಿಯ ಪ್ರಸಂಗದಲ್ಲಿ ಅದೇ ಮತ್ತೆ ಬರಲಿದೆ.

ನಮ್ಮ ದೇಶದಲ್ಲಿ ಈ ಪದ್ಧತಿ ಪ್ರಬಲವಾದುದು ಸಿ.ಡಿ.ಯ ಕಾಲದಲ್ಲಿ. 1987ರಿಂದ ಪ್ರಕಟವಾಗುತ್ತಿದ್ದ ‘ಪಿ.ಸಿ. ಕ್ವೆಸ್ಟ್’ 1990ರ ದಶಕದ ಉತ್ತರಾರ್ಧದಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಸಿ.ಡಿ.ಯಲ್ಲಿ ಹಂಚಿತು. ‘ಚಿಪ್’ ಎಂಬ ಪತ್ರಿಕೆ 2001ರಲ್ಲಿ ‘ಡಿಜಿಟ್’ ಆಯಿತು. 2003ರಲ್ಲಿ ‘ಲಿನಕ್ಸ್ ಫಾರ್ ಯೂ’ ಆರಂಭವಾಯಿತು. ಆಗ ಹೊಸಪೇಟೆಯಲ್ಲಿ ಅಂತರಜಾಲವೆಂದರೆ ದೂರವಾಣಿ ತಂತಿಯ ಮೂಲಕ ಬರುವ, ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್ ವೇಗದ ಸಂಪರ್ಕ. 650 ಮೆಗಾಬೈಟಿನ ಒಂದು ಸಿ.ಡಿ.ಯಷ್ಟು ಮಾಹಿತಿಯನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು, ತಂತಿ ಒಮ್ಮೆಯೂ ಕಡಿಯದಿದ್ದರೂ, ಸುಮಾರು 26 ಗಂಟೆ ಬೇಕು. ದೂರವಾಣಿ ಬಿಲ್ಲಿನ ಮಾತು ಬೇರೆ. ಹೀಗಿರುವಾಗ ಪತ್ರಿಕೆಯ ಬೆಲೆಯಲ್ಲಿ ನೂರಾರು ತಂತ್ರಾಂಶಗಳು ಕೈಗೆ ಬರುತ್ತಿದ್ದುದು ಸಣ್ಣ ಊರಿನ ವೃತ್ತಿನಿರತರಿಗೆ ದೊಡ್ಡ ಅನುಕೂಲವೇ ಆಗಿತ್ತು. ನಾನೂ ಅದರ ಫಲಾನುಭವಿ. ವೈರಸ್ ನಿರೋಧಕದ ನವೀಕರಣ, ಕಡತಗಳನ್ನು ಕುಗ್ಗಿಸುವ ಉಪಕರಣ, ಪ್ರಿಂಟರಿನ ಡ್ರೈವರ್ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು.

ತೊಡಕಿದ್ದುದು ‘ಉಚಿತ’ ಎಂಬ ಒಂದು ಪದದಲ್ಲಿ. ಸಿ.ಡಿ.ಯ ಪರದೆಯಲ್ಲಿ ಎಲ್ಲ ತಂತ್ರಾಂಶಗಳೂ ಒಂದೇ ಪಟ್ಟಿಯಲ್ಲಿ, ಒಂದೇ ಬಗೆಯ ಗುಂಡಿಗಳ ರೂಪದಲ್ಲಿ ಕಾಣುತ್ತಿದ್ದವು. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅವು ಒಂದೇ ಜಾತಿಯವಲ್ಲ. ಕಂಪ್ಯೂಟ್ಸ್ ಗೆಜೆಟ್‌ನ ತಂತ್ರಾಂಶಗಳನ್ನೇ ತೆಗೆದುಕೊಳ್ಳಿ: ಓದುಗನು ತನ್ನ ಬೆರಳಿನಿಂದಲೇ ಅಚ್ಚು ಹಾಕಿದ್ದರೂ ಅದರ ಕೃತಿಸ್ವಾಮ್ಯ ಪ್ರಕಾಶಕರದ್ದೇ, ಸ್ನೇಹಿತನಿಗೆ ಪ್ರತಿ ಮಾಡಿಕೊಡುವ ಅಧಿಕಾರ ಅವನಿಗಿರಲಿಲ್ಲ. ಕೆಲವನ್ನು ಕರ್ತೃಗಳೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರು. ಮೂರನೆಯ ಬಗೆಯದು ‘ಶೇರ್‌ವೇರ್’. 1982ರಲ್ಲಿ ಆಂಡ್ರ್ಯೂ ಫ್ಲೂಗೆಲ್‌ಮನ್ ‘ಪಿ.ಸಿ. ಟಾಕ್’ ಎಂಬುದನ್ನೂ ಜಿಮ್ ನಾಫ್ ‘ಪಿ.ಸಿ. ಫೈಲ್’ ಎಂಬುದನ್ನೂ ‘ಪ್ರತಿ ಮಾಡಿ ಹಂಚಿರಿ, ಉಪಯೋಗಕ್ಕೆ ಬಂದರೆ ಹಣ ಕಳುಹಿಸಿರಿ’ ಎಂಬ ಕರಾರಿನ ಮೇಲೆ ಹೊರತಂದರು. ಈ ಫ್ಲೂಗೆಲ್‌ಮನ್ ಅವರೇ ಮುಂದೆ ‘ಪಿ.ಸಿ. ವರ್ಲ್ಡ್’ ಪತ್ರಿಕೆಯ ಸ್ಥಾಪಕ ಸಂಪಾದಕರಾದರು. ಇಲ್ಲಿ ಹಂಚಿಕೆ ಉಚಿತವೇ ಹೊರತು ಬಳಕೆ ಉಚಿತವಲ್ಲ. ಇನ್ನು ಲಿನಕ್ಸ್‌ನಂತಹವು ಜಿ.ಪಿ.ಎಲ್. ಪರವಾನಗಿಯವು. ಅವನ್ನು ವ್ಯಾಪಾರಕ್ಕೆ ಬಳಸಬಹುದು, ಪ್ರತಿ ಮಾಡಬಹುದು, ಮಾರಲೂಬಹುದು. ಆದರೆ ಬದಲಾಯಿಸಿ ಹಂಚಿದರೆ ಮೂಲ ಸಂಕೇತವನ್ನೂ ಕೊಡಬೇಕು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಉಚಿತವಾಗಿ ದೊರೆತಾಗ ಕನ್ನಡದಲ್ಲಿ ಪತ್ರ ಬರೆಯಲು ನಮ್ಮ ಭಾಗದ ಎಷ್ಟೋ ಕಚೇರಿಗಳಿಗೆ ಅದೇ ಆಸರೆಯಾಯಿತು. ಅದರ ಕರ್ತೃವೇ ಉಚಿತವೆಂದು ಘೋಷಿಸಿದ್ದರಿಂದ ಅಲ್ಲಿ ಗೊಂದಲವಿರಲಿಲ್ಲ.

ಕೊನೆಯ ಬಗೆಯದೇ ವರ್ತಕರಿಗೆ ಅಪಾಯಕಾರಿ. ಅದು 30 ದಿನಗಳ ಪರೀಕ್ಷಾರ್ಥ ಆವೃತ್ತಿ. ಲೆಕ್ಕಪತ್ರದ ತಂತ್ರಾಂಶಗಳು ಬಹುತೇಕ ಈ ರೂಪದಲ್ಲಿಯೇ ಬರುತ್ತಿದ್ದವು. ತಯಾರಕರು ದುರುಪಯೋಗವನ್ನು ತಡೆಯಲು ನಾನಾ ಉಪಾಯಗಳನ್ನು ಮಾಡುತ್ತಾರೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಅವರಿಂದ ‘ಪ್ಯೂಟ್ರಾನಿಕ್ಸ್’ ಹೆಸರಿನಲ್ಲಿ ಆರಂಭವಾದ ಸಂಸ್ಥೆಯ ‘ಟ್ಯಾಲಿ’ ನಮಗೆಲ್ಲ ಪರಿಚಿತ. ಅದರ ಶೈಕ್ಷಣಿಕ ವಿಧಾನದಲ್ಲಿ ತಿಂಗಳ 1, 2 ಮತ್ತು 31ನೆಯ ತಾರೀಖುಗಳಿಗೆ ಮಾತ್ರ ವೋಚರ್ ಹಾಕಲು ಸಾಧ್ಯ. ಕಲಿಯುವವನಿಗೆ ಅಷ್ಟು ಸಾಕು, ವ್ಯಾಪಾರ ಮಾಡುವವನಿಗೆ ಸಾಲದು. ಬಹಳ ಜಾಣತನದ ಬೇಲಿ ಇದು ಎಂದು ನನ್ನ ಅಭಿಪ್ರಾಯ.

ಮಲಪನಗುಡಿಯ ಪ್ರಸಂಗ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿರುವ ಮಲಪನಗುಡಿಯ ಸುತ್ತ ಕಬ್ಬಿನ ಗದ್ದೆಗಳು ಹೇರಳ. ಅಲ್ಲಿನ ಬೆಲ್ಲದ ವ್ಯಾಪಾರಿಯೊಬ್ಬರು, ಅಂದರೆ ಮೇಲೆ ಹೇಳಿದ ಸಹೋದರರ ತಂದೆ, ಬಹುಕಾಲದಿಂದ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ, ಖತಾವಣಿಗಳಲ್ಲಿಯೇ ಲೆಕ್ಕವಿಟ್ಟವರು. ಆಗ ಬಿ.ಕಾಂ. ಓದುತ್ತಿದ್ದ ಹಿರಿಯ ಮಗನು 2003ರ ಏಪ್ರಿಲಿನಲ್ಲಿ ಪತ್ರಿಕೆಯೊಂದರ ಸಿ.ಡಿ.ಯಿಂದ ಲೆಕ್ಕಪತ್ರ ತಂತ್ರಾಂಶವೊಂದನ್ನು ಗಣಕಯಂತ್ರಕ್ಕೆ ಹಾಕಿದನು. ಮೂವತ್ತು ದಿನಗಳ ಬಳಿಕ ಅದು ತೆರೆಯಲು ನಿರಾಕರಿಸಿತು. ಗಣಕಯಂತ್ರದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅದು ಮತ್ತೆ ತೆರೆಯುತ್ತದೆಂಬ ಗುಟ್ಟನ್ನು ಯಾರೋ ಅವನಿಗೆ ಹೇಳಿಕೊಟ್ಟರು. ಹೀಗೆ ಇಡೀ ವರ್ಷ ಆ ಯಂತ್ರದಲ್ಲಿ ಏಪ್ರಿಲ್ ತಿಂಗಳೇ ನಡೆಯಿತು.

ವೋಚರ್ ತುಂಬಿಸುವಾಗ ತಂತ್ರಾಂಶವು ಯಂತ್ರದ ಗಡಿಯಾರದ ತಾರೀಖನ್ನು ತಾನೇ ತೋರಿಸುತ್ತಿತ್ತು. ಮಗನು ನಿಜವಾದ ತಾರೀಖನ್ನು ಕೈಯಿಂದ ತಿದ್ದುತ್ತಿದ್ದನು. ಅವನು ಪರೀಕ್ಷೆಗೆ ಓದಲು ಕುಳಿತಾಗ ಆ ಕೆಲಸ ಗುಮಾಸ್ತನ ಪಾಲಿಗೆ ಬಂದಿತು. ಗುಮಾಸ್ತನು ಅವಸರದಲ್ಲಿ ಎಂಟರ್ ಕೀಲಿ ಒತ್ತಿಕೊಂಡು ಹೋದನು. ನೂರಕ್ಕೂ ಹೆಚ್ಚು ವೋಚರ್‌ಗಳು, ನಡೆದ ತಿಂಗಳು ಯಾವುದೇ ಇರಲಿ, ಏಪ್ರಿಲ್ 2003ರಲ್ಲಿ ಹೋಗಿ ಕುಳಿತವು.

ವರ್ಷಾಂತ್ಯದಲ್ಲಿ ತಾಳೆಪಟ್ಟಿ ನನ್ನ ಬಳಿ ಬಂದಿತು. ಖರ್ಚು ಜಮೆಗಳೆರಡೂ ಪೈಸೆಗೆ ಪೈಸೆ ಸರಿಯಾಗಿದ್ದವು. ಬ್ಯಾಂಕ್ ಶಿಲ್ಕು ಪಾಸ್‌ಬುಕ್ಕಿಗೆ ಸರಿಹೊಂದಿತ್ತು. ವಹಿವಾಟು ಆಗಿನ 40 ಲಕ್ಷ ರೂಪಾಯಿಗಳ ಮಿತಿಯೊಳಗಿದ್ದುದರಿಂದ 44ಎಬಿ ಕಲಮಿನನ್ವಯ ಲೆಕ್ಕಪರಿಶೋಧನೆಯ ಅವಶ್ಯಕತೆಯಿರಲಿಲ್ಲ. ನಾನು ನಗದು ಪುಸ್ತಕದ ದಿನವಹಿ ಶಿಲ್ಕನ್ನು ತೆರೆದು ನೋಡದೆಯೇ ವಿವರಪಟ್ಟಿಯನ್ನು ಸಿದ್ಧಪಡಿಸಿದೆ. ತಾರೀಖು ಅದಲುಬದಲಾದರೆ ತಾಳೆಪಟ್ಟಿಯ ಮೊತ್ತ ಒಂದು ಪೈಸೆಯಷ್ಟೂ ಬದಲಾಗದು ಎಂಬುದು ನನಗೆ ತಿಳಿಯದ ವಿಷಯವೇನೂ ಅಲ್ಲ. ಆದರೂ ನೋಡಲಿಲ್ಲ. ಆ ತಪ್ಪು ನನ್ನದೇ.

2005ರಲ್ಲಿ ಪರಿಶೀಲನೆಯ ನೋಟೀಸು ಬಂದಿತು. ಅಧಿಕಾರಿಗಳು ನಗದು ಪುಸ್ತಕದ ಪ್ರತಿಯನ್ನು ಕೇಳಿದರು. ಮುದ್ರಿಸಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಒಂದು ಉದಾಹರಣೆ ಸಾಕು: ಜುಲೈ 9ರಂದು ಕಬ್ಬು ಬೆಳೆಗಾರನಿಗೆ ಕೊಟ್ಟ 38,000 ರೂ. ಏಪ್ರಿಲ್ 9ರ ಪುಟದಲ್ಲಿತ್ತು. ಅಂದು ಕೈಯಲ್ಲಿದ್ದ ನಗದು 12,400 ರೂ. ಮಾತ್ರ. ಪುಸ್ತಕದ ಪ್ರಕಾರ ತಿಜೋರಿಯಲ್ಲಿ 25,600 ರೂ. ಋಣಶಿಲ್ಕು! ಬೆಳೆಗಾರನಿಗೆ ಕೃಷಿ ಉತ್ಪನ್ನಕ್ಕಾಗಿ ಕೊಟ್ಟ ನಗದಾದ್ದರಿಂದ 40ಎ(3) ಕಲಮಿನ ತೊಡಕಿರಲಿಲ್ಲವೆನ್ನಿ. ಆದರೆ ಇಲ್ಲದ ಹಣ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲ? ನಗದಿನ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುವುದೆಂದರೆ ಲೆಕ್ಕಕ್ಕೆ ಸೇರದ ಆದಾಯವಿದೆ ಎಂದೇ ಇಲಾಖೆ ಭಾವಿಸುವುದು, ಮತ್ತು ಹಾಗೆ ಭಾವಿಸುವುದು ನ್ಯಾಯವೂ ಹೌದು.

“ಆಡಿಟರ್ ಸಾಹೇಬ್ರೇ, ಲೆಕ್ಕ ತಾಳೆ ಆಗೈತಲ್ರೀ, ಮತ್ತೆ ತಪ್ಪು ಎಲ್ಲೈತಿ?” ಎಂದು ಆ ಹಿರಿಯರು ಕೇಳಿದಾಗ ಉತ್ತರಿಸುವುದು ಸುಲಭವಾಗಲಿಲ್ಲ.

ಮೂರು ವಾರಗಳ ಕಾಲ ಎಪಿಎಂಸಿ ಪಟ್ಟಿಗಳು, ಲಾರಿ ಬಿಲ್ಟಿಗಳು, ತೂಕದ ಚೀಟಿಗಳು ಮತ್ತು ಪಾಸ್‌ಬುಕ್ಕನ್ನು ಹರಡಿಕೊಂಡು ಇಡೀ ವರ್ಷದ ನಗದು ಪುಸ್ತಕವನ್ನು ಕೈಯಿಂದ ಮತ್ತೆ ಬರೆದೆವು. ಪ್ರತಿ ಪುಟಕ್ಕೂ ಸಾಹುಕಾರರ ಸಹಿ ಹಾಕಿಸಿ, ತಂತ್ರಾಂಶದ ಮುದ್ರಿತ ಪ್ರತಿಯನ್ನೂ ಹೊಂದಾಣಿಕೆಯ ಪಟ್ಟಿಯನ್ನೂ ಜೊತೆಗಿಟ್ಟು ಹಾಜರುಪಡಿಸಿದೆವು. ಅಧಿಕಾರಿಗಳು ಸಹನೆಯಿಂದ ನೋಡಿದರು. ಬಹುತೇಕ ಋಣಶಿಲ್ಕುಗಳು ಅಳಿದುಹೋದವು. ಮೂಲಚೀಟಿಗಳೇ ದೊರೆಯದ 61,500 ರೂ.ಗಳನ್ನು ಮಾತ್ರ ಆದಾಯಕ್ಕೆ ಸೇರಿಸಿದರು. ತೆರಿಗೆ, ಬಡ್ಡಿ ಎರಡನ್ನೂ ಕಟ್ಟಬೇಕಾಯಿತು. ಪರವಾನಗಿಯಿರುವ ತಂತ್ರಾಂಶವನ್ನು ಮೊದಲೇ ಕೊಂಡಿದ್ದರೆ ಅದಕ್ಕಿಂತ ಕಡಿಮೆಯಲ್ಲಿಯೇ ಮುಗಿಯುತ್ತಿತ್ತು.

ಕಾನೂನು ಏನು ಹೇಳುತ್ತದೆ

ಮೊದಲನೆಯದಾಗಿ, ಇಂತಹ ಲೆಕ್ಕವು ಲೆಕ್ಕವೇ ಹೌದು. 1961ರ ಆದಾಯ ತೆರಿಗೆ ಕಾಯ್ದೆಗೆ 2001ರಲ್ಲಿ ಸೇರಿಸಿದ 2(12ಎ) ಕಲಮು, ಫ್ಲಾಪಿ, ಡಿಸ್ಕ್, ಟೇಪ್ ಮುಂತಾದವುಗಳಲ್ಲಿ ಸಂಗ್ರಹಿಸಿದ ಮಾಹಿತಿಯ ಮುದ್ರಿತ ಪ್ರತಿಗಳನ್ನೂ ಲೆಕ್ಕದ ಪುಸ್ತಕಗಳೆಂದು ಪರಿಗಣಿಸಿತು. ಆದುದರಿಂದ ‘ಅದು ಸುಮ್ಮನೆ ಕಂಪ್ಯೂಟರಿನಲ್ಲಿ ಹಾಕಿಕೊಂಡದ್ದು’ ಎಂದು ಜಾರಿಕೊಳ್ಳಲು ಅವಕಾಶವಿರಲಿಲ್ಲ.

ಎರಡನೆಯದು ಕೃತಿಸ್ವಾಮ್ಯ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ 63ಬಿ ಕಲಮಿನ ಪ್ರಕಾರ, ಉಲ್ಲಂಘನೆಯ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಬಳಸಿದವನಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದ ಸಂಬಂಧದಲ್ಲಿ ಬಳಸದಿದ್ದರೆ ಸೆರೆವಾಸವನ್ನು ಬಿಟ್ಟುಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ವರ್ತಕನಿಗೆ ಆ ರಿಯಾಯಿತಿ ದೊರೆಯುವುದು ಕಷ್ಟ. 2012ರ ತಿದ್ದುಪಡಿಯಿಂದ ಬಂದ 65ಎ ಕಲಮು, ಹಕ್ಕುಗಳ ಉಲ್ಲಂಘನೆಯ ಉದ್ದೇಶದಿಂದ ತಾಂತ್ರಿಕ ತಡೆಗಳನ್ನು ದಾಟುವುದನ್ನೇ ಅಪರಾಧವೆನ್ನುತ್ತದೆ. ಗಡಿಯಾರ ತಿರುಗಿಸುವುದು ಅದರ ವ್ಯಾಪ್ತಿಗೆ ಬರಬಹುದೆಂಬುದು ನನ್ನ ಎಣಿಕೆ. 2003ರಲ್ಲಿ ಆ ಕಲಮು ಇರಲಿಲ್ಲ.

ಡಿಸ್ಕ್‌ನಲ್ಲಿರುವ ತಂತ್ರಾಂಶವು ಸರಕೇ, ಬೌದ್ಧಿಕ ಹಕ್ಕೇ ಎಂಬ ವಿವಾದವೂ ಇತ್ತು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರ ನವೆಂಬರಿನಲ್ಲಿ, ಡಿಸ್ಕ್ ಮುಂತಾದ ಮಾಧ್ಯಮಗಳಲ್ಲಿ ತುಂಬಿ ಅಂಗಡಿಯಲ್ಲಿ ಮಾರುವ ಸಿದ್ಧ ತಂತ್ರಾಂಶವು ಸರಕೇ ಎಂದು ತೀರ್ಪಿತ್ತಿತು. ಮಾರಾಟ ತೆರಿಗೆಯ ಪಾಲಿಗೆ ಅದು ಸರಕಾದರೂ ಕೊಂಡವನು ಡಿಸ್ಕ್‌ನ ಒಡೆಯನಾಗುತ್ತಾನೆಯೇ ಹೊರತು ಅದರೊಳಗಿನ ಕೃತಿಯ ಒಡೆಯನಾಗುವುದಿಲ್ಲ.

ಇಂದಿನ ಸ್ಥಿತಿ

ಸಹೋದರರಿಗೆ ಬೇಕಾದ ದಾಖಲೆಗಾಗಿ ಆ ಸಿ.ಡಿ.ಯನ್ನು ಓದಿಸಲು ಪ್ರಯತ್ನಿಸಿದೆವು. ಸಿ.ಡಿ. ಓದಿತು, ಆದರೆ ಅದರಲ್ಲಿನ ಅನುಸ್ಥಾಪಕವು 16 ಬಿಟ್‌ನದಾದ್ದರಿಂದ 64 ಬಿಟ್ ವಿಂಡೋಸ್‌ನಲ್ಲಿ ತೆರೆಯಲೇ ಇಲ್ಲ. ಹಳೆಯ ಯಂತ್ರವೊಂದನ್ನು ಎರವಲು ತಂದು ಅನುಸ್ಥಾಪಿಸಿದರೆ ನೋಂದಣಿ ಸಂಖ್ಯೆ ಕೇಳಿತು. ಏಳು ಬ್ಯಾಕಪ್ ಫ್ಲಾಪಿಗಳಲ್ಲಿ ನಾಲ್ಕು ಮಾತ್ರ ಓದಿದವು. ವಿಚಿತ್ರವೆಂದರೆ ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದಾದ ಕಮೊಡೋರ್ ಡಿಸ್ಕ್‌ಗಳು ಇಂದಿಗೂ ಓಡುತ್ತವೆ. ಹವ್ಯಾಸಿಗಳು ಅವುಗಳ ಪ್ರತಿಯೊಂದು ಬೈಟನ್ನೂ, ಅಂದರೆ ಪ್ರತಿ ಬದಿಯ 1,74,848 ಬೈಟ್‌ಗಳನ್ನೂ, ಒಂದೊಂದು ಕಡತವಾಗಿ ನಕಲಿಸಿಟ್ಟಿದ್ದಾರೆ, ಆ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳೂ ಇವೆ. ಆಟಗಳನ್ನು ಉಳಿಸಲು ಜನರಿದ್ದಾರೆ. ಮಲಪನಗುಡಿಯ ಬೆಲ್ಲದ ಖಾತೆಯನ್ನು ಯಾರು ಉಳಿಸಬೇಕು?

ಕೊನೆಗೆ ಕೆಲಸಕ್ಕೆ ಬಂದುದು 2005ರಲ್ಲಿ ಕೈಯಿಂದ ಬರೆದ ನಗದು ಪುಸ್ತಕ ಮತ್ತು ಸಹಿ ಮಾಡಿದ ಮುದ್ರಿತ ಪ್ರತಿಗಳ ಬಸ್ತೆ. ಬಂಡವಾಳ ಖಾತೆಯ ಶಿಲ್ಕು ಅದರಲ್ಲಿತ್ತು, ಸಹೋದರರಿಬ್ಬರೂ ಒಪ್ಪಿದರು.

ಒಪ್ಪದೆ ನ್ಯಾಯಾಲಯಕ್ಕೆ ಹೋಗಿದ್ದರೆ ಮಾತು ಬೇರೆಯಾಗುತ್ತಿತ್ತು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ಅದರ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ‘ಹ್ಯಾಶ್ ಮೌಲ್ಯ’ವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಬೇರೇನೂ ಅಲ್ಲ, 1986ರ ಪ್ರೂಫ್‌ರೀಡರ್‌ನ ಬಹು ದೂರದ ವಂಶಜ. ಕಡತದ ಒಂದು ಅಕ್ಷರ ಬದಲಾದರೂ, ಎರಡು ಅಂಕಿಗಳು ಹಿಂದುಮುಂದಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಆದರೆ ಗಡಿಯಾರ ತಿರುಗಿಸಿ ಬರೆದ ಕಡತಕ್ಕೂ ಒಂದು ಹ್ಯಾಶ್ ಇರುತ್ತದೆ ಎಂಬುದನ್ನು ಮರೆಯಬಾರದು. ಬರೆದ ಮೇಲೆ ತಿದ್ದಿಲ್ಲವೆಂಬುದಕ್ಕೆ ಮಾತ್ರ ಅದು ಸಾಕ್ಷಿ, ಬರೆದದ್ದು ನಿಜವೆಂಬುದಕ್ಕಲ್ಲ. ಕಂಪನಿಗಳಿಗಾದರೋ 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯ ಜಾಡನ್ನು ತಾರೀಖಿನೊಡನೆ ದಾಖಲಿಸುವ, ಆ ಜಾಡನ್ನು ಯಾರೂ ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಏಕಮಾಲೀಕ ವರ್ತಕರಿಗೆ ಅದು ಅನ್ವಯಿಸುವುದಿಲ್ಲ.

ನನ್ನ ಕಕ್ಷಿದಾರರಿಂದ ನಾನು ಈಗ ಮಾಡಿಸುತ್ತಿರುವುದು ಇಷ್ಟೇ. ಮಾರ್ಚ್ 31 ಕಳೆದು ಲೆಕ್ಕ ಮುಗಿದ ದಿನ ನಗದು ಪುಸ್ತಕ, ಖತಾವಣಿ, ತಾಳೆಪಟ್ಟಿಗಳನ್ನು ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ಪಿ.ಡಿ.ಎಫ್. ಹಾಗೂ ಸಾದಾ ಪಠ್ಯ ಕಡತಗಳಾಗಿ ತೆಗೆದು, ಅವುಗಳ ಹ್ಯಾಶ್ ಮೌಲ್ಯವನ್ನು ಮುದ್ರಿತ ತಾಳೆಪಟ್ಟಿಯ ಕೆಳಗೆ ಬರೆದು, ಮಾಲೀಕರು ಸಹಿ ಮಾಡುತ್ತಾರೆ. ಕನ್ನಡದ ಹೆಸರುಗಳಿದ್ದರೆ ಅವು ಯೂನಿಕೋಡ್‌ನಲ್ಲಿರಬೇಕೆಂದು ಒತ್ತಾಯಿಸುತ್ತೇನೆ. ಹಳೆಯ ಫಾಂಟ್‌ಗಳಲ್ಲಿ ಬರೆದ ಹೆಸರುಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ನಗದಿನ ದಿನವಹಿ ಶಿಲ್ಕಿನ ಪಟ್ಟಿಯನ್ನು ಮಾತ್ರ ನಾನೇ ಓದುತ್ತೇನೆ, ಸಹಾಯಕರಿಗೆ ಬಿಡುವುದಿಲ್ಲ.

ಮಲಪನಗುಡಿಯ ಆ ಸಿ.ಡಿ.ಯನ್ನು ಬಸ್ತೆಯ ಜೊತೆಯಲ್ಲಿಯೇ ಕಟ್ಟಿ ಹಿರಿಯ ಮಗನಿಗೆ ಹಿಂತಿರುಗಿಸಿದ್ದೇನೆ.